ನೆತ್ತರುಗೊಡಗೆಯೂ ನಷ್ಟಪರಿಹಾರವೂ

(ಬೇಲೂರಿನಲ್ಲಿ ಊರ ಮಹಾಜನರೂ ಉಪಾಧ್ಯಾಯರೂ ನೆರೆದಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ವಕೀಲನ ಬಾಯಿಂದ ಕಾನೂನನ್ನು ಪುಕ್ಕಟೆಯಾಗಿ ಕೇಳುವ ಯೋಗ ಅಪರೂಪವಾದುದೆಂದು ಅಧ್ಯಕ್ಷರು ಈಗತಾನೆ ವಿನೋದವಾಗಿ ನುಡಿದರು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಇಂದು ನಾನು ಹೇಳಬೇಕೆಂದಿರುವ ಕಾನೂನು ಶ್ರೀಮಂತರ ಕಾನೂನಲ್ಲ. ಬೆಳಗ್ಗೆ ಮನೆಯಿಂದ ಹೊರಟವನು ಸಂಜೆ ಮನೆಗೆ ಬಾರದೆ ಹೋದಾಗ, ಒಲೆಯ ಮುಂದೆ ಕುಳಿತ ಅವನ ಹೆಂಡತಿ ಮಕ್ಕಳಿಗೆ ಸಲ್ಲತಕ್ಕ ಹಕ್ಕಿನ ಕಾನೂನು. ಆದುದರಿಂದ ಇದಕ್ಕೆ ಶುಲ್ಕ ಕೇಳುವುದು ನನಗೆ ಒಪ್ಪದು.

ಈ ಬೇಲೂರು ತಾಲ್ಲೂಕಿನಲ್ಲೇ ಹಲ್ಮಿಡಿ ಎಂಬ ಗ್ರಾಮವುಂಟು. 1936ರಲ್ಲಿ ಮೈಸೂರು ಪ್ರಾಕ್ತನಶಾಸ್ತ್ರ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅಲ್ಲಿಯ ಶಿಲಾಶಾಸನವನ್ನು ಬೆಳಕಿಗೆ ತಂದರು. ಕ್ರಿ. ಶ. 450ರ ಸುಮಾರಿನದೆಂದು ವಿದ್ವಾಂಸರು ಎಣಿಸಿರುವ ಆ ಶಾಸನ ಕನ್ನಡ ನುಡಿಯ ಅತಿ ಪ್ರಾಚೀನ ದಾಖಲೆಗಳಲ್ಲಿ ಒಂದೆಂದು ನಾವೆಲ್ಲರೂ ಹೆಮ್ಮೆಪಡುತ್ತೇವೆ. ಆದರೆ ಆ ಕಲ್ಲಿನಲ್ಲಿ ಬರೆದಿರುವುದೇನು? ಯುದ್ಧದಲ್ಲಿ ಮೆರೆದ ವಿಜಾರಸನೆಂಬ ವೀರನಿಗೆ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟ ಸಂಗತಿ. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆದು ಕೊಡುವ ಕೊಡುಗೆ. ಅದು ಬದುಕಿದ್ದವನಿಗೆ ಸಂದ ಮರ್ಯಾದೆ. ಸತ್ತವನ ಮನೆಯವರಿಗೆ ನಮ್ಮ ಹಿರಿಯರು ಮತ್ತೊಂದನ್ನು ಕೊಡುತ್ತಿದ್ದರು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಮಡಿದವನ ಮನೆಗೆ ಭೂಮಿಯನ್ನು ಬಿಟ್ಟುಕೊಟ್ಟು, ಅದಕ್ಕೆ ನೆತ್ತರುಗೊಡಗೆ ಎಂದು ಹೆಸರಿಟ್ಟರು. ಕನ್ನಡ ನಾಡಿನ ಶಾಸನಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಸತ್ತವನಿಗೆ ವೀರಗಲ್ಲು, ಉಳಿದವರಿಗೆ ನೆಲ. ಕಲ್ಲು ಹಾಕಿಸಿ ಕೈತೊಳೆದುಕೊಳ್ಳುವುದು ಸಾಲದೆಂಬ ವಿವೇಕ ಅವರಿಗಿತ್ತು.

ಈಗ ದನಗಳ್ಳರಿಲ್ಲ, ರಸ್ತೆಗಳಿವೆ. 2022ರ ಅಕ್ಟೋಬರ್ 15ರ ರಾತ್ರಿ ನೆರೆಯ ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಬಳಿ ನಡೆದುದನ್ನು ನೀವು ಮರೆತಿರಲಾರಿರಿ. ಧರ್ಮಸ್ಥಳ, ಸುಬ್ರಹ್ಮಣ್ಯಗಳಿಗೆ ಹೋಗಿ, ಹಾಸನಾಂಬೆಯ ದರ್ಶನವನ್ನೂ ಮುಗಿಸಿಕೊಂಡು ಊರಿಗೆ ಮರಳುತ್ತಿದ್ದ ಬಳಗದವರ ಟೆಂಪೋ, ಸಾರಿಗೆ ಬಸ್ಸಿಗೂ ಹಾಲಿನ ಟ್ಯಾಂಕರಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಯಿತು. ಒಂಬತ್ತು ಜೀವಗಳು ಹೋದವು; ಅವರಲ್ಲಿ ನಾಲ್ವರು ಮಕ್ಕಳು. ಪ್ರಧಾನಮಂತ್ರಿಗಳ ನಿಧಿಯಿಂದ ಸತ್ತವರ ಕುಟುಂಬಕ್ಕೆ ಎರಡು ಲಕ್ಷ, ಗಾಯಾಳುಗಳಿಗೆ ಐವತ್ತು ಸಾವಿರ ರೂಪಾಯಿ ಎಂದು ಪ್ರಕಟವಾಯಿತು. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆ ಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಯ ಮೇಲೆ ಲಾರಿ ಹರಿದು ಹಲವರು, ಅವರಲ್ಲಿ ಕಾಲೇಜಿನ ಹುಡುಗರೂ, ಮಡಿದಾಗ ರಾಜ್ಯ ಸರ್ಕಾರದವರು ಐದು ಲಕ್ಷ ರೂಪಾಯಿ ಘೋಷಿಸಿದರು.

ಇಂಥ ಹಣವನ್ನು ನಾನು ಹಳಿಯುವವನಲ್ಲ. ಶವಸಂಸ್ಕಾರಕ್ಕೂ ತಿಂಗಳೊಪ್ಪತ್ತಿನ ಗಂಜಿಗೂ ಅದು ಒದಗುತ್ತದೆ. ಆದರೆ ಅದು ಅನುಗ್ರಹಧನ. ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವಂತಿಲ್ಲ. ನಷ್ಟಪರಿಹಾರವೆಂಬುದೇ ಬೇರೆ. ಅದನ್ನು ಕೊಡತಕ್ಕವನು ಮಂತ್ರಿಯಲ್ಲ, ಹಾನಿಗೆ ಹೊಣೆಯಾದವನು ಮತ್ತು ಅವನ ವಿಮಾ ಕಂಪೆನಿ. ಅದನ್ನು ಕೇಳುವುದಕ್ಕೆ ಕೈಮುಗಿಯಬೇಕಾದ್ದಿಲ್ಲ. ನಮ್ಮ ಹಳ್ಳಿಗಳಲ್ಲಿ ಆಗುತ್ತಿರುವುದೇನೆಂದರೆ, ಮೊದಲನೆಯದರ ಚೆಕ್ಕು ಬಂದ ಕೂಡಲೆ ಎರಡನೆಯದೂ ಮುಗಿಯಿತೆಂದು ಜನ ತಿಳಿಯುತ್ತಾರೆ. ಚೆಕ್ಕು ಕೊಡುವಾಗ ತೆಗೆದ ಭಾವಚಿತ್ರ ಗೋಡೆಯ ಮೇಲೆ ಉಳಿಯುತ್ತದೆ. ಹಕ್ಕಿನ ಕಾಲ ಕಳೆದುಹೋಗುತ್ತದೆ.

ಈ ಹಕ್ಕು ಆಕಾಶದಿಂದ ಉದುರಿದ್ದಲ್ಲ. ಇಂಗ್ಲೆಂಡಿನಲ್ಲಿ 1808ರಲ್ಲಿ ಒಂದು ಮೊಕದ್ದಮೆ ನಡೆಯಿತು. ಗಂಡ ಹೆಂಡಿರಿಬ್ಬರೂ ಕುಳಿತಿದ್ದ ಕುದುರೆಯ ಕೋಚು ಮಗುಚಿತು. ಹೆಂಡತಿ ಒಂದು ತಿಂಗಳು ನರಳಿ ತೀರಿಕೊಂಡಳು. ನ್ಯಾಯಾಧೀಶ ಲಾರ್ಡ್ ಎಲನ್‌ಬರೋ ಕೊಟ್ಟ ತೀರ್ಪಿನ ತಾತ್ಪರ್ಯವಿಷ್ಟು: ಮನುಷ್ಯನ ಮರಣ ಸಿವಿಲ್ ನ್ಯಾಯಸ್ಥಾನದಲ್ಲಿ ಹಾನಿಯೆಂದು ಎಣಿಸತಕ್ಕದ್ದಲ್ಲ, ಗಂಡನಿಗೆ ಆ ಒಂದು ತಿಂಗಳಿನ ನಷ್ಟ ಮಾತ್ರ ಸಲ್ಲುತ್ತದೆ. ಅಂದರೆ ಒಬ್ಬನ ಕಾಲು ಮುರಿದವನು ದಂಡ ತೆರಬೇಕು, ಕೊಂದೇಬಿಟ್ಟರೆ ಅಗ್ಗ! ರೈಲು ಬಂದು ಸಾವುಗಳು ಹೆಚ್ಚಿದ ಮೇಲೆ ಆ ದೇಶದವರಿಗೆ ಈ ನ್ಯಾಯದ ಅಸಂಗತತೆ ಕಣ್ಣಿಗೆ ಬಿದ್ದು, 1846ರಲ್ಲಿ ಲಾರ್ಡ್ ಕ್ಯಾಂಬೆಲ್ಲನ ಕಾನೂನು ಹುಟ್ಟಿತು. ಅದರ ಪಡಿಯಚ್ಚೇ ನಮ್ಮ ದೇಶದ 1855ರ ಮಾರಕ ಅಪಘಾತಗಳ ಕಾನೂನು. ಅದಕ್ಕೆ ಎಷ್ಟೋ ಶತಮಾನಗಳ ಹಿಂದೆ ನೆತ್ತರುಗೊಡಗೆಯನ್ನು ಕಲ್ಲಿನಲ್ಲಿ ಕೊರೆಸಿದ ಜನಕ್ಕೆ ಈ ತತ್ತ್ವವನ್ನು ಹೊರಗಿನವರು ಕಲಿಸಬೇಕಾಗಿರಲಿಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು. ಅದಿರಲಿ.

ಮೋಟಾರು ಬಂದಮೇಲೆ 1939ರ ಮೋಟಾರು ವಾಹನಗಳ ಕಾನೂನಾಯಿತು. ದಾರಿಹೋಕರಿಗೆ ಆಗುವ ಹಾನಿಗಾಗಿ ವಿಮೆ ಮಾಡಿಸಲೇಬೇಕೆಂಬ ಅದರ ಭಾಗ 1946ರ ಜುಲೈ 1ರಿಂದ ನಡೆಗೆ ಬಂದಿತು. ಆಗ ನಮ್ಮ ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ನಾಡು ಒಂದಾದ 1956ರಲ್ಲಿಯೇ ಆ ಕಾನೂನಿಗೆ ತಿದ್ದುಪಡಿಯಾಗಿ, ಅಪಘಾತದ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಲಿಗಳನ್ನು ಏರ್ಪಡಿಸಲು ದಾರಿಯಾಯಿತು. ಈಗ ಇರುವುದು 1988ರ ಕಾನೂನು. 2019ರಲ್ಲಿ ಅದನ್ನು ಬಹುವಾಗಿ ತಿದ್ದಿದರು. ಅದರ ಪ್ರಕಾರ ಅಪಘಾತವಾದ ಸ್ಥಳದಲ್ಲಿಯೇ ಅರ್ಜಿ ಹಾಕಬೇಕೆಂದಿಲ್ಲ. ನೊಂದವರು ತಾವು ವಾಸಿಸುವ ಊರಿನ ನ್ಯಾಯಮಂಡಲಿಗೂ ಹೋಗಬಹುದು. ಕಾಸರಗೋಡಿನ ಕನ್ನಡಿಗ ಮಂಗಳೂರಿನ ರಸ್ತೆಯಲ್ಲಿ ಮಡಿದರೂ, ಅಕ್ಕಲಕೋಟೆಯವನು ಕಲಬುರ್ಗಿಯ ಬಳಿ ಗಾಯಗೊಂಡರೂ ಅವನ ಮನೆಯವರು ಗಡಿ ದಾಟಿ ಅಲೆಯಬೇಕಾದ್ದಿಲ್ಲ. ನಾಡಿನ ಗಡಿಗಳು ಸರಿಯಾಗದಿದ್ದರೂ ಕಾನೂನು ಇಷ್ಟರಮಟ್ಟಿಗೆ ಉಪಕಾರ ಮಾಡಿದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಎಷ್ಟು ಬರುತ್ತದೆ? ಮನುಷ್ಯನ ಪ್ರಾಣಕ್ಕೆ ಬೆಲೆ ಕಟ್ಟುವುದು ಪಾಪವೆಂದು ಹಿರಿಯರೊಬ್ಬರು ನನ್ನೊಡನೆ ವಾದಿಸಿದರು. ಪ್ರಾಣಕ್ಕೆ ಬೆಲೆ ಕಟ್ಟುತ್ತಿಲ್ಲ, ಸ್ವಾಮಿ. ಅವನ ದುಡಿಮೆಯಿಂದ ಉಣ್ಣುತ್ತಿದ್ದವರಿಗೆ ತಪ್ಪಿಹೋದ ಅನ್ನದ ಲೆಕ್ಕ ಇದು. ಆ ಲೆಕ್ಕಕ್ಕೆ ಸುಪ್ರೀಮ್ ಕೋರ್ಟು 2009ರಲ್ಲಿಯೂ 2017ರಲ್ಲಿಯೂ ನಿಯಮಗಳನ್ನು ಹಾಕಿಕೊಟ್ಟಿದೆ. ಕರಿಹಲಗೆಯ ಅಭ್ಯಾಸವಿರುವ ಉಪಾಧ್ಯಾಯರು ಬಹಳವಾಗಿ ಬಂದಿರುವುದರಿಂದ ಒಂದು ಉದಾಹರಣೆಯನ್ನು ಮಾಡಿಯೇ ತೋರಿಸುತ್ತೇನೆ.

ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ, 34 ವಯಸ್ಸಿನ ಒಬ್ಬ ಕೂಲಿಯಾಳು ತೀರಿಕೊಂಡನೆಂದು ಭಾವಿಸಿರಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಮುದುಕಿ ತಾಯಿ. ಬದುಕಿದ್ದರೆ ಅವನ ಸಂಪಾದನೆ ಬೆಳೆಯುತ್ತಿತ್ತಷ್ಟೆ. ಅದಕ್ಕಾಗಿ, ನಲವತ್ತರ ಒಳಗಿನ ಸ್ವಂತ ದುಡಿಮೆಯವನಾದುದರಿಂದ, ನೂರಕ್ಕೆ ನಲವತ್ತನ್ನು ಕೂಡಿಸಬೇಕು. 16,800 ಆಯಿತು. ಅವನು ತನ್ನ ಮೈಗೆಂದು ಖರ್ಚು ಮಾಡಿಕೊಳ್ಳುತ್ತಿದ್ದುದನ್ನು ಕಳೆಯಬೇಕು. ಅವಲಂಬಿತರು ನಾಲ್ವರಾದುದರಿಂದ ಕಾಲು ಭಾಗ. ಉಳಿದದ್ದು 12,600. ವರ್ಷಕ್ಕೆ 1,51,200. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಇಪ್ಪತ್ತೈದರವರೆಗೆ ಗುಣಕ 18. 31ರಿಂದ 35ರವರೆಗೆ 16. ಹೀಗೆ ಇಳಿಯುತ್ತ ಅರವತ್ತೈದು ದಾಟಿದವನಿಗೆ 5. ನಮ್ಮ ಕೂಲಿಯಾಳಿಗೆ 16. ಗುಣಿಸಿದರೆ 24,19,200 ರೂಪಾಯಿ. ಇದರ ಮೇಲೆ ಒಡನಾಟದ ನಷ್ಟಕ್ಕೆ ಹೆಂಡತಿಗೂ ಮಕ್ಕಳಿಗೂ ತಾಯಿಗೂ ತಲಾ 40,000, ಆಸ್ತಿಯ ನಷ್ಟಕ್ಕೆ 15,000, ಉತ್ತರಕ್ರಿಯೆಗೆ 15,000. ಈ ಕೊನೆಯ ಮೊತ್ತಗಳು 2017ರಲ್ಲಿ ಗೊತ್ತುಮಾಡಿದವು. ಮೂರು ಮೂರು ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರತಕ್ಕವು. ಏರಿಕೆಯನ್ನು ಬಿಟ್ಟರೂ ಒಟ್ಟು 26,09,200 ರೂಪಾಯಿ; ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ.

ಎರಡು ಲಕ್ಷದ ಚೆಕ್ಕನ್ನು ತೆಗೆದುಕೊಂಡು ಸುಮ್ಮನಾದವಳು ಏನನ್ನು ಬಿಟ್ಟುಕೊಟ್ಟಳೆಂಬುದು ಈಗ ನಿಮ್ಮ ಕರಿಹಲಗೆಯ ಮೇಲಿದೆ.

ಈ ಲೆಕ್ಕದಲ್ಲಿ ಎರಡು ಅಂಕೆಗಳ ಮೇಲೆ ಎಲ್ಲವೂ ನಿಂತಿದೆ: ಸಂಪಾದನೆ ಮತ್ತು ವಯಸ್ಸು. ಸಂಪಾದನೆಗೆ ಕೂಲಿಯಾಳಿನ ಬಳಿ ಕಾಗದವೆಲ್ಲಿಯದು? ಕರ್ನಾಟಕದಿಂದಲೇ ಮೇಲೆ ಹೋದ ಮೊಕದ್ದಮೆಗಳಲ್ಲಿ ಸುಪ್ರೀಮ್ ಕೋರ್ಟು ಇದನ್ನು ಕಂಡುಕೊಂಡಿದೆ. 2011ರಲ್ಲಿ ಒಬ್ಬ ಕೂಲಿಯವನು ತನಗೆ ತಿಂಗಳಿಗೆ 4,500 ರೂಪಾಯಿ ಬರುತ್ತಿತ್ತೆಂದು ಹೇಳಿದ್ದನ್ನು, ಕಾಗದವಿಲ್ಲವೆಂದು ಕೆಳಗಿನವರು ಕಡಿಮೆ ಮಾಡಿದ್ದರು. ಅಂಥವನಿಂದ ದಾಖಲೆ ನಿರೀಕ್ಷಿಸುವುದೇ ತಪ್ಪೆಂದು ಅವನ ಮಾತನ್ನೇ ಎತ್ತಿಹಿಡಿದರು. 2014ರಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬನ ವಿಷಯದಲ್ಲಿಯೂ ಅದೇ ದೃಷ್ಟಿ. ಕಾಲಿಲ್ಲದವನು ತರಕಾರಿಯ ಗಾಡಿ ತಳ್ಳಲಾರನಾದುದರಿಂದ, ವೈದ್ಯರು ಅಂಗಕ್ಕೆ ಹಾಕುವ ಊನದ ಪ್ರಮಾಣಕ್ಕಿಂತ ಅವನ ಕಸುಬಿಗೆ ಒದಗಿದ ಊನವನ್ನು ನೋಡಬೇಕೆಂದರು. ಇದಲ್ಲದೆ ಲೋಕ ಅದಾಲತ್ತಿನ ಉಪಯೋಗಕ್ಕಾಗಿ ನಮ್ಮ ರಾಜ್ಯದ ಕಾನೂನು ಸೇವಾ ಪ್ರಾಧಿಕಾರದವರು ಅಪಘಾತದ ವರ್ಷಕ್ಕೆ ತಕ್ಕಂತೆ ಊಹಿತ ಆದಾಯದ ಪಟ್ಟಿಯೊಂದನ್ನು ಮಾಡಿದ್ದಾರೆ; ಹೈಕೋರ್ಟೂ ಅದನ್ನು ಆಧಾರವಾಗಿ ಹಿಡಿಯುವುದುಂಟು.

ವಯಸ್ಸಿನ ಮಾತಿಗೆ ಬಂದರೆ ಉಪಾಧ್ಯಾಯ ಬಂಧುಗಳು ಕಿವಿಗೊಡಬೇಕು. 2024ರ ಅಕ್ಟೋಬರಿನಲ್ಲಿ ತೀರ್ಮಾನವಾದ ಒಂದು ಅಪಘಾತದ ಮೊಕದ್ದಮೆ ಇದೆ. ಸತ್ತವನ ವಯಸ್ಸು ಆಧಾರ್ ಚೀಟಿಯ ಪ್ರಕಾರ 47, ಶಾಲೆ ಬಿಟ್ಟ ಪ್ರಮಾಣಪತ್ರದ ಪ್ರಕಾರ 45. ಹೈಕೋರ್ಟಿನವರು ಆಧಾರನ್ನು ನಂಬಿ ಗುಣಕ 13 ಎಂದರು. ಸುಪ್ರೀಮ್ ಕೋರ್ಟಿನವರು ಆಧಾರ್ ಚೀಟಿ ಗುರುತಿಗೇ ಹೊರತು ಜನ್ಮದಿನಕ್ಕೆ ಸಾಕ್ಷಿಯಲ್ಲವೆಂದು, ಶಾಲೆಯ ಪತ್ರವನ್ನೇ ಮನ್ನಿಸಿ ಗುಣಕವನ್ನು 14ಕ್ಕೆ ಏರಿಸಿದರು. ನಮ್ಮ ಉದಾಹರಣೆಯಲ್ಲಿ ಗುಣಕ ಒಂದು ಇಳಿದರೆ ಆ ಮನೆಗೆ 1,51,200 ರೂಪಾಯಿ ನಷ್ಟ. ಮೂವತ್ತು ವರ್ಷದ ಹಿಂದೆ ಯಾವನೋ ಉಪಾಧ್ಯಾಯನು ದಾಖಲೆ ಪುಸ್ತಕದಲ್ಲಿ ಎಚ್ಚರದಿಂದ ಬರೆದ ಒಂದು ತೇದಿ, ಒಬ್ಬ ವಿಧವೆಯ ಮಗುವನ್ನು ಓದಿಸುತ್ತದೆ. ಬೇಸಗೆಯಲ್ಲಿ ಹುಟ್ಟಿದ ಮಕ್ಕಳೆಲ್ಲರಿಗೂ ಜೂನ್ ಒಂದನೆಯ ತೇದಿಯನ್ನು ಹಾಕಿಬಿಡುವ ನಮ್ಮ ಶಾಲೆಗಳ ಹಳೆಯ ಪದ್ಧತಿಯನ್ನು ನೆನೆದು ನೀವು ನಗುತ್ತಿದ್ದೀರಿ. ನ್ಯಾಯಸ್ಥಾನದಲ್ಲಿ ಅದು ನಗುವ ವಿಷಯವಲ್ಲ.

ಮನೆಯಲ್ಲೇ ಇದ್ದ ಹೆಂಗಸು ಸತ್ತರೆ ನಷ್ಟವೇನು ಎಂದು ಕೇಳುವವರು ಇನ್ನೂ ಇದ್ದಾರೆ. ಜಮ್‌ಷೇಡ್‌ಪುರದ ಬೆಂಕಿಯ ದುರಂತದ ಮೊಕದ್ದಮೆಯಲ್ಲಿ 2001ರಲ್ಲಿಯೇ ಗೃಹಿಣಿಯ ಸೇವೆಗೆ ತಿಂಗಳಿಗೆ ಮೂರು ಸಾವಿರವೆಂದು ಬೆಲೆಯಿಟ್ಟರು. ಬರಬರುತ್ತ ಅದು ಏರಿದೆ. ಮಕ್ಕಳ ವಿಷಯದಲ್ಲಿ, ಕರ್ನಾಟಕದ ಬಾಲಕನೊಬ್ಬನ ಮೊಕದ್ದಮೆಯಲ್ಲಿ 2013ರಲ್ಲಿ, ಊನದ ಪ್ರಮಾಣಕ್ಕೆ ತಕ್ಕಂತೆ ಮೂರರಿಂದ ಆರು ಲಕ್ಷದವರೆಗೆ ಕೊಡತಕ್ಕದ್ದೆಂದು ಮೇಲ್ಪಂಕ್ತಿ ಹಾಕಿದರು. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ನ್ಯಾಯವೆಂದು ತೋರಿದರೆ ಹೆಚ್ಚಾಗಿಯೇ ಕೊಡಬಹುದೆಂಬ ತೀರ್ಪು ಕೂಡ 2002ರಲ್ಲಿ ನಮ್ಮ ನಾಡಿನಿಂದ ಹೋದ ಮೊಕದ್ದಮೆಯಲ್ಲಿಯೇ ಆದುದು.

ಈಗ ನನ್ನ ಮನಸ್ಸಿಗೆ ಬಹು ಭಾರವಾಗಿರುವ ಸಂಗತಿಗೆ ಬರುತ್ತೇನೆ. ಈ ಸೀಮೆಯಲ್ಲಿ ಕಾಫಿ ಹಣ್ಣಾಗುವ ತಿಂಗಳುಗಳಲ್ಲಿ ಬೆಳಗಿನ ಜಾವ ರಸ್ತೆಯ ಬದಿಯಲ್ಲಿ ನಿಂತು ನೋಡಿರಿ. ಸಾಮಾನು ಸಾಗಿಸುವ ಸಣ್ಣ ಲಾರಿಗಳಲ್ಲಿ ಹಿಂದೆ ನಿಂತುಕೊಂಡು, ಒಬ್ಬರ ಹೆಗಲನ್ನು ಮತ್ತೊಬ್ಬರು ಹಿಡಿದುಕೊಂಡು ಹೆಣ್ಣಾಳು ಗಂಡಾಳುಗಳು ತೋಟಕ್ಕೆ ಹೋಗುತ್ತಾರೆ. ಮದುವೆಯ ಕಾಲದಲ್ಲಿ ಟ್ರಾಕ್ಟರಿನ ಟ್ರೇಲರಿನಲ್ಲಿ ದಿಬ್ಬಣ ಹೋಗುತ್ತದೆ. ಆ ಗಾಡಿ ಮಗುಚಿದರೆ ಏನಾಗುತ್ತದೆಂಬುದನ್ನು ಅದರಲ್ಲಿ ಹತ್ತಿದವರು ಯಾರೂ ಬಲ್ಲವರಲ್ಲ. ಸಾಮಾನಿನ ಗಾಡಿಯಲ್ಲಿ ಪ್ರಯಾಣಿಕರಾಗಿ ಹೋದವರಿಗೆ ಕಡ್ಡಾಯ ವಿಮೆ ಅನ್ವಯಿಸದೆಂದು ಸುಪ್ರೀಮ್ ಕೋರ್ಟು 2002ರಲ್ಲಿ ಖಚಿತವಾಗಿ ಹೇಳಿತು. ಸಾಮಾನಿನ ಒಡೆಯನೋ ಅವನ ಪ್ರತಿನಿಧಿಯೋ ಸಾಮಾನಿನೊಡನೆ ಹೋಗುತ್ತಿದ್ದರೆ 1994ರ ತಿದ್ದುಪಡಿಯಿಂದ ರಕ್ಷಣೆಯುಂಟು. ಬರಿಗೈಯಲ್ಲಿ ಹತ್ತಿದವನಿಗೆ ಇಲ್ಲ. ವಿಮಾ ಕಂಪೆನಿ ಮೊದಲು ಕೊಟ್ಟು ಆಮೇಲೆ ಗಾಡಿಯವನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೆಲವು ಮೊಕದ್ದಮೆಗಳಲ್ಲಿ ಆಜ್ಞೆಯಾಗಿರುವುದುಂಟು, ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ನನ್ನ ಬಳಿಗೆ ಒಬ್ಬ ತಾಯಿ ಬಂದಿದ್ದಳು. ಗಂಡ ಇಂಥದೇ ಗಾಡಿಯಿಂದ ಎಸೆಯಲ್ಪಟ್ಟು ತೀರಿಕೊಂಡಿದ್ದ. ಅವಳ ಕೈಯಲ್ಲಿ ತೀರ್ಪಿನ ನಕಲಿತ್ತು. ಹದಿಮೂರು ಲಕ್ಷಕ್ಕೆ ಮಿಕ್ಕಿ ಹಣ ಮಂಜೂರಾಗಿತ್ತು. ಆದರೆ ವಿಮಾ ಕಂಪೆನಿಯನ್ನು ಹೊಣೆಯಿಂದ ಬಿಡುಗಡೆ ಮಾಡಿದ್ದರು. ಕೊಡಬೇಕಾದವನು ಗಾಡಿಯ ಒಡೆಯ. ಆ ಒಡೆಯನು ಯಾರೆಂದರೆ ಅವಳದೇ ಓಣಿಯವನು. ಸಾಲ ಮಾಡಿ ಒಂದು ಗಾಡಿ ಕೊಂಡು, ಆ ಗಾಡಿಯನ್ನೂ ಕಳೆದುಕೊಂಡಿದ್ದವನು. ‘ಸ್ವಾಮಿ, ಅವನ ಮನೆ ಹರಾಜು ಹಾಕಿಸಿ ನಾನು ಆ ಓಣಿಯಲ್ಲಿ ಹೇಗೆ ಬಾಳಲಿ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಆದರೆ ಆ ಮನೆಗೆ ಬೇರೊಂದು ಬಾಗಿಲಿತ್ತು. ಅದನ್ನು ಸಕಾಲದಲ್ಲಿ ತಟ್ಟಿದವರಿರಲಿಲ್ಲ. ಅವನು ತೋಟದ ಆಳು. ಕೆಲಸದ ಸಂಬಂಧದಲ್ಲಿ ಆಳು ಸತ್ತರೆ ಧಣಿ ಪರಿಹಾರ ಕೊಡಬೇಕೆಂಬ ಕಾನೂನು 1923ರಲ್ಲಿಯೇ ಆದುದು. ಅದರಲ್ಲಿ ಧಣಿಯ ತಪ್ಪನ್ನು ತೋರಿಸಬೇಕಾದ್ದೇ ಇಲ್ಲ. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಈ ಸಂಹಿತೆಯಲ್ಲಿ ಒಂದು ಮುಖ್ಯವಾದ ಮಾತು ಸೇರಿದೆ: ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗುವಾಗಲೋ ಹಿಂದಿರುಗುವಾಗಲೋ ಆದ ಅಪಘಾತವನ್ನೂ, ಕೆಲಸದೊಡನೆ ಅದಕ್ಕೆ ಸಂಬಂಧವುಂಟೆಂದು ತೋರಿಸಿದಲ್ಲಿ, ಕೆಲಸದ ಅಪಘಾತವೆಂದೇ ಎಣಿಸತಕ್ಕದ್ದು. ತೋಟದ ಒಡೆಯರು ಈ ಸಭೆಯಲ್ಲಿ ಕೆಲವರು ಇದ್ದೀರಿ. ಆಳುಗಳಿಗಾಗಿ ವಿಮೆ ಮಾಡಿಸುವ ಖರ್ಚು ನಿಮ್ಮ ಒಂದು ಮೂಟೆ ಕಾಫಿಯ ಬೆಲೆಯ ಮುಂದೆ ಏನೆಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಿರಿ. ಮತ್ತು ದಯವಿಟ್ಟು ಆಳುಗಳನ್ನು ಜನ ಕೂರುವ ಗಾಡಿಯಲ್ಲಿಯೇ ಕರೆಸಿಕೊಳ್ಳಿರಿ. ವಿಮೆಯ ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಇರುತ್ತವೆ. ಗಾಡಿ ಕೊಂಡ ಕನ್ನಡದ ರೈತ ಅದನ್ನು ಓದಿಲ್ಲವೆಂದು ಆಮೇಲೆ ಅವನನ್ನು ದೂಷಿಸುವುದು ಯಾವ ನ್ಯಾಯ? ಆ ಪತ್ರ ಕನ್ನಡದಲ್ಲಿ ಇರಬೇಕೆಂದು ಕೇಳುವುದು ಭಾಷಾಭಿಮಾನ ಮಾತ್ರವಲ್ಲ, ಅನ್ನದ ಪ್ರಶ್ನೆ.

ಡಿಕ್ಕಿ ಹೊಡೆದು ಓಡಿಹೋದ ಗಾಡಿಯ ಗುರುತು ಸಿಕ್ಕದಿದ್ದರೂ ಕೈಚೆಲ್ಲಬೇಕಾದ್ದಿಲ್ಲ. 2022ರ ಏಪ್ರಿಲ್ 1ರಿಂದ ಅಂಥ ಸಾವಿಗೆ ಎರಡು ಲಕ್ಷ, ಭಾರಿ ಗಾಯಕ್ಕೆ ಐವತ್ತು ಸಾವಿರವೆಂದು ಗೊತ್ತಾಗಿದೆ. ಅರ್ಜಿಯನ್ನು ಕೊಡಬೇಕಾದುದು ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ, ಎಂದರೆ ಉಪವಿಭಾಗಾಧಿಕಾರಿಗೋ ತಹಸೀಲ್ದಾರರಿಗೋ. ದೇಶದಲ್ಲಿ ಇಂಥ ಸಾವುಗಳು ಅಷ್ಟಿದ್ದರೂ ಅರ್ಜಿ ಹಾಕುವವರು ತೀರ ಕಡಿಮೆಯೆಂದು 2024ರ ಜನವರಿಯಲ್ಲಿ ಸುಪ್ರೀಮ್ ಕೋರ್ಟೇ ಗಮನಿಸಿ, ಗಾಡಿಯ ಪತ್ತೆಯಾಗದಿದ್ದಲ್ಲಿ ಪೊಲೀಸರು ನೊಂದವರಿಗೆ ಈ ವಿಷಯವನ್ನು ಬರಹದಲ್ಲಿ ತಿಳಿಸಬೇಕೆಂದು ಆಜ್ಞಾಪಿಸಿತು.

ರೈಲಿನ ವಿಷಯ ಒಂದೆರಡು ಮಾತು. ಅರಸೀಕೆರೆಯ ಜಂಕ್ಷನ್ನಿನಲ್ಲಿ ಹತ್ತಿ ಇಳಿಯುವವರು ನಮ್ಮಲ್ಲಿ ಬಹಳ ಮಂದಿ. ಪ್ರಯಾಣಿಕನು ಗಾಡಿಯಿಂದ ಆಕಸ್ಮಿಕವಾಗಿ ಬಿದ್ದು ಸತ್ತರೆ, ಯಾರ ತಪ್ಪೆಂದು ಕೇಳದೆ, ಎಂಟು ಲಕ್ಷ ರೂಪಾಯಿ. 2017ರ ಜನವರಿ 1ರಿಂದ ಈ ಮೊತ್ತ. ಅರ್ಜಿ ರೈಲ್ವೆ ಕ್ಲೇಮುಗಳ ನ್ಯಾಯಮಂಡಲಿಗೆ, ಒಂದು ವರ್ಷದೊಳಗೆ. ಹೆಣದ ಜೇಬಿನಲ್ಲಿ ಟಿಕೆಟು ಸಿಕ್ಕಲಿಲ್ಲವೆಂಬುದೊಂದರಿಂದಲೇ ಹಕ್ಕು ಹೋಗುವುದಿಲ್ಲವೆಂದು 2018ರಲ್ಲಿ ತೀರ್ಪಾಗಿದೆ. ಇನ್ನು ಆನೆಯ ತುಳಿತಕ್ಕೆ ಸಿಕ್ಕಿ ಬೇಲೂರು, ಆಲೂರು, ಸಕಲೇಶಪುರಗಳಲ್ಲಿ ಸಾಯುತ್ತಿರುವವರ ಸಂಗತಿ. ಅಲ್ಲಿ ಸರ್ಕಾರದ ಆಜ್ಞೆಯಂತೆ ಕೊಡುವ ಹಣವುಂಟು, ಅದು ಹಲವು ಬಾರಿ ಏರಿಯೂ ಇದೆ. ಆದರೆ ವಯಸ್ಸು, ಸಂಪಾದನೆ, ಅವಲಂಬಿತರೆಂದು ತೂಗಿ ನೋಡುವ ನ್ಯಾಯಮಂಡಲಿ ಇಲ್ಲ. ಮೂವತ್ತರ ತಂದೆಗೂ ಎಪ್ಪತ್ತರ ಒಂಟಿ ಮುದುಕನಿಗೂ ಒಂದೇ ಅಳತೆ. ಇದು ಚರ್ಚೆಯಾಗಬೇಕಾದ ವಿಷಯ. ಇನ್ನೊಂದು ದಿನ ಮಾತನಾಡೋಣ.

ಕಾಲದ ವಿಷಯವನ್ನು ಹೇಳದಿದ್ದರೆ ನನ್ನ ಮಾತೆಲ್ಲ ವ್ಯರ್ಥ. 1994ರಿಂದ ಮೋಟಾರು ಅಪಘಾತದ ಅರ್ಜಿಗೆ ಕಾಲಮಿತಿಯೇ ಇರಲಿಲ್ಲ. 2019ರ ತಿದ್ದುಪಡಿಯವರು ಆರು ತಿಂಗಳ ಗಡುವನ್ನು ಹಾಕಿದರು. ಅದು 2022ರ ಏಪ್ರಿಲ್‌ನಿಂದ ಜಾರಿಗೆ ಬಂದಿತು. ವರ್ಷಾಂತಿಕ ಕಳೆಯದೆ ವಿಧವೆಯನ್ನು ಕಚೇರಿಯ ಮೆಟ್ಟಿಲು ಹತ್ತಿಸದ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅವರಿಗೆ ಈ ಆರು ತಿಂಗಳು ಎಷ್ಟರದು? ಈ ಗಡುವು ಸಿಂಧುವೇ ಎಂಬ ಪ್ರಶ್ನೆ ಸುಪ್ರೀಮ್ ಕೋರ್ಟಿಗೆ ಹೋಗಿದ್ದು, ಕಾಲ ಮೀರಿತೆಂದು ಅರ್ಜಿಗಳನ್ನು ವಜಾ ಮಾಡಕೂಡದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆಜ್ಞೆಯಾಯಿತು. ಮಧ್ಯಂತರ ಆಜ್ಞೆ ನೆರಳು ಮಾತ್ರ; ಅದನ್ನು ನಂಬಿ ಯಾರೂ ಮಲಗಬೇಡಿರಿ. ಪೊಲೀಸರು ಅಪಘಾತದ ವರದಿಯನ್ನು ನ್ಯಾಯಮಂಡಲಿಗೆ ಕಳುಹಿಸಬೇಕು, ಆ ವರದಿಯನ್ನೇ ಅರ್ಜಿಯೆಂದು ಭಾವಿಸಬೇಕೆಂದು ಹೊಸ ಕಾನೂನು ಹೇಳುತ್ತದೆ. ಆದರೂ ವರದಿ ಹೋಯಿತೇ ಎಂದು ಮನೆಯವರೇ ವಿಚಾರಿಸುವುದು ಲೇಸು.

ಮತ್ತೊಂದು ಗುಂಡಿ. ಯಾರ ತಪ್ಪೆಂದು ತೋರಿಸದೆಯೇ ಸಾವಿಗೆ ಐದು ಲಕ್ಷ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿಯೊಂದನ್ನು 2019ರ ತಿದ್ದುಪಡಿ ತೆರೆದಿದೆ. ಸಾಕ್ಷಿಯೇ ಇಲ್ಲದವರಿಗೆ ಅದು ಒಳ್ಳೆಯದೇ. ಆದರೆ ಆ ಕ್ರಮದಲ್ಲಿ ಹಣವನ್ನು ಒಪ್ಪ್ಪಿಕೊಂಡರೆ ಪೂರ್ಣ ಪರಿಹಾರದ ಅರ್ಜಿ ಅಲ್ಲಿಗೆ ತೀರಿಹೋಗುತ್ತದೆ. ನಮ್ಮ ಕರಿಹಲಗೆಯ ಕೂಲಿಯಾಳಿನ ಹೆಂಡತಿ ಅಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಇಪ್ಪತ್ತಾರು ಲಕ್ಷದ ಹಕ್ಕು ಐದಕ್ಕೆ ನಿಂತಿತು. ಲೋಕ ಅದಾಲತ್ತಿನ ರಾಜಿಯೂ ಹಾಗೆಯೇ. ಬೇಗ ಹಣ ಬರುತ್ತದೆ, ಮೇಲೆ ಅಪೀಲಿಲ್ಲ. ರಾಜಿಗೆ ಮೊದಲು ಲೆಕ್ಕ ಹಾಕಿಸಿಕೊಂಡು ಹೋಗಿರಿ.

ಅರಸೀಕೆರೆಯಂತೆ ಎರಡು ಮೂರು ವಾಹನಗಳು ಸೇರಿದ ಅಪಘಾತಗಳಲ್ಲಿ ಯಾರ ತಪ್ಪು ಎಷ್ಟೆಂದು ಮೊದಲು ತೀರಲಿ ಎಂದು ಗಾಡಿಯವರು ಹೇಳುವುದುಂಟು. ಪ್ರಯಾಣಿಕನಿಗೆ ಆ ಜಗಳ ಬೇಕಾಗಿಲ್ಲ. ತಪ್ಪು ಮಾಡಿದವರು ಹಲವರಾಗಿದ್ದರೆ ಅವರಲ್ಲಿ ಯಾರೊಬ್ಬನಿಂದಲಾದರೂ ಪೂರ್ತಿ ಹಣವನ್ನು ವಸೂಲು ಮಾಡಬಹುದೆಂದು 2015ರಲ್ಲಿ ತೀರ್ಪಾಗಿದೆ. ಪಾಲಿನ ಲೆಕ್ಕವನ್ನು ಅವರವರೇ ಮಾಡಿಕೊಳ್ಳಲಿ.

ಕೊನೆಗೆ ನನ್ನ ವೃತ್ತಿಯವರ ವಿಷಯ, ಸ್ವಲ್ಪ ನಾಚಿಕೆಯಿಂದಲೇ. ಆಸ್ಪತ್ರೆಯ ಅಂಗಳದಲ್ಲಿಯೇ ವಕಾಲತ್ತಿಗೆ ರುಜು ಹಾಕಿಸಿಕೊಳ್ಳುವ ಮಧ್ಯಸ್ಥರು ಹುಟ್ಟಿಕೊಂಡಿದ್ದಾರೆ; ಬಂದ ಹಣದಲ್ಲಿ ನೂರಕ್ಕೆ ಇಷ್ಟೆಂದು ಪಾಲು ಕೇಳುತ್ತಾರೆ. ಮೊಕದ್ದಮೆಯ ಫಲದಲ್ಲಿ ಪಾಲು ಹಿಡಿಯುವುದನ್ನು ವಕೀಲರ ಪರಿಷತ್ತಿನ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ. ಅಂಥವನಿಗೆ ಕೊಡಬೇಡಿರಿ, ಕೇಳಿದವನನ್ನು ನಿಯಮ ತೋರಿಸಿ ಕೇಳಿರಿ. ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅವರ ವರಮಾನ ಎಷ್ಟೇ ಇರಲಿ, 1987ರ ಕಾನೂನಿನ ಪ್ರಕಾರ ಉಚಿತವಾಗಿ ವಕೀಲನನ್ನು ಕೊಡಬೇಕು. ಅದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹಣ ಬಂದ ಮೇಲೆ ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ಅವರು ಪ್ರಾಯಕ್ಕೆ ಬರುವವರೆಗೆ ಇಡಿಸುವುದು ನ್ಯಾಯಮಂಡಲಿಯ ಪದ್ಧತಿ. ಅದನ್ನು ಬಿಡಿಸಿಕೊಡಿ ಎಂದು ಚಿಕ್ಕಪ್ಪನೋ ಭಾವನೋ ವಕೀಲನ ಬೆನ್ನು ಹತ್ತುತ್ತಾನೆ. ಅಂಥ ಅರ್ಜಿಗೆ ನಾನು ರುಜು ಹಾಕುವುದಿಲ್ಲ. ಇದರಿಂದ ಕೆಲವು ನೆಂಟರ ಕೋಪಕ್ಕೂ ಗುರಿಯಾಗಿದ್ದೇನೆ.

ಬೇಕಾದ ಕಾಗದಗಳೆಂದರೆ ಪೊಲೀಸರ ಪ್ರಥಮ ವರ್ತಮಾನ ವರದಿ, ಸ್ಥಳದ ಪಂಚನಾಮೆ, ಶವಪರೀಕ್ಷೆಯ ವರದಿ ಅಥವಾ ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ಗಾಡಿಯ ವಿಮೆಯ ನಕಲು, ವಯಸ್ಸಿಗೆ ಶಾಲೆಯ ಪತ್ರ, ಸಂಪಾದನೆಗೆ ಏನು ಸಿಕ್ಕಿದರೆ ಅದು. ಹಾಲಿನ ಸಂಘದ ಪಾಸುಪುಸ್ತಕವಾದರೂ ಸರಿ. ಇಂದು ಇಲ್ಲಿಗೆ ಕಾಗದಗಳನ್ನು ಹಿಡಿದುಕೊಂಡೇ ಬಂದಿರುವ ಇಬ್ಬರು ತಾಯಂದಿರು ಬಾಗಿಲ ಬಳಿ ಕುಳಿತಿರುವುದನ್ನು ನೋಡುತ್ತಿದ್ದೇನೆ. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ನನ್ನ ಮಾತನ್ನು ಇಲ್ಲಿಗೆ ನಿಲ್ಲಿಸಿ, ಮೊದಲು ಅವರ ಕಾಗದಗಳನ್ನು ನೋಡುತ್ತೇನೆ. ಸಭಿಕರ ಪ್ರಶ್ನೆಗಳಿಗೆ ಆಮೇಲೆ ಉತ್ತರ ಹೇಳುತ್ತೇನೆ.